ಜಾಲರಿಯ ತಳಕ್ಕೆ ಕೈ

ನಿನ್ನೆ ಸಂಜೆ ಬೇಲಿ ಹತ್ತಿರ ಒಣಗಿದ ಬಟ್ಟೆ ತೆಗೀತಿದ್ದೆ. ಪಕ್ಕದ ಮನೆಯಕ್ಕ ಸೊಪ್ಪಿನ ಮಂಕರಿ ಇಳಿಸಿ, "ಯಾಕೆ, ಮುಖ ಹಿಂಗಿದೆ?" ಅಂದರು. ಅವರ ರೇಷ್ಮೆಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡೋ ನಿದ್ದೆಯಿಂದ, ಎದ್ದು ಮೂರು ದಿನ. ಈಗ ಅವು ತಿನ್ನೋ ಸದ್ದು ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಅಕ್ಕನಿಗೆ ನಿಲ್ಲೋಕೆ ಪುರುಸೊತ್ತಿಲ್ಲ. ಆದರೂ ನಿಂತರು.

ಫೋನು ತೋರಿಸಿದೆ. ಚಿಕ್ಕಪ್ಪನ ಮಗಳ ಸ್ಟೇಟಸ್. ಬೆಂಗಳೂರಲ್ಲಿ ಹೊಸ ಫ್ಲ್ಯಾಟು, ಪಾಸ್ಟರಿಂದ ಪ್ರಾರ್ಥನೆ, ಕೆಳಗೆ 'ದೇವರ ಕೃಪೆ' ಅಂತ ಒಂದು ಸಾಲು. ಕೃಪೆ ಅಂತ ಹಾಕಿದ್ದಕ್ಕೇ ನನಗೆ ಉರಿದದ್ದು. ಹಾಗಾದರೆ ಬಾಡಿಗೆ ಮನೆಯಲ್ಲಿರೋ ನನ್ನ ಮೇಲೆ ಏನಿದೆ?

"ನಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲೂ ಇದೇ ಅಲ್ವಾ? ಯಾರ ಲಾಟಿಗೆ ಎಷ್ಟು ಬಿತ್ತು ಅಂತ ಎಲ್ಲರೂ ಇಣುಕೋದೇ," ಅಂದರು ಅಕ್ಕ. "ಆದರೆ ಅಲ್ಲಿ ನೂಲು ಬಿಚ್ಚೋ ರೀಲರು ಸುಮ್ಮನೆ ಮೇಲಿನ ಗೂಡು ನೋಡಿ ರೇಟು ಹಾಕಲ್ಲ. ಜಾಲರಿಯ ತಳಕ್ಕೆ ಕೈ ಹಾಕ್ತಾನೆ. ತೆಳು ಜಿಲ್ಲಿ ಗೂಡು ಎಷ್ಟು, ಜೋಡಿಹುಳದ ಡಬ್ಬಲ್ ಎಷ್ಟು, ಎಲ್ಲಾ ಬೆರಳಿಗೇ ಗೊತ್ತಾಗ್ಬೇಕು. ನಿನ್ನ ಫೋನಲ್ಲಿ ತಳ ಎಲ್ಲಿದೆ?"

ಇಷ್ಟು ವರ್ಷ ಭಾನುವಾರದ ಪ್ರಸಂಗ ಕೇಳಿದ ನನಗೆ ಇದು ಹೊಳೆದಿರಲಿಲ್ಲ. ಮಾನ ಉಳಿಸಿಕೊಳ್ಳಬೇಕಲ್ಲ, ಮತ್ತಾಯನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯದ ದ್ರಾಕ್ಷಿತೋಟದ ಕಥೆ ತೆಗೆದೆ. ಚಿಕ್ಕಬಳ್ಳಾಪುರ ಸೀಮೆಯವರಿಗೆ ದ್ರಾಕ್ಷಿತೋಟ ಏನೂ ದೂರದ ಮಾತಲ್ಲ.

ಯಜಮಾನ ಬೆಳಗಾಗುತ್ತಲೇ ಕೆಲವರನ್ನು ಕೂಲಿಗೆ ಕರೀತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ, ಒಪ್ಪಂದ. ಒಂಬತ್ತಕ್ಕೆ ಕೆಲವರು, ಮಧ್ಯಾಹ್ನ ಕೆಲವರು, ಸಂಜೆ ಐದಕ್ಕೂ ಕೆಲವರು ಬರ್ತಾರೆ. ಎಲ್ಲರಿಗೂ ಅದೇ ಒಂದು ನಾಣ್ಯ. ಬೆಳಗಿನವರಿಗೆ ಸಿಟ್ಟು. ನನಗೆ ಈ ಕಥೆಯಲ್ಲಿ ಕುಟುಕೋದು ಬಟವಾಡೆಯ ಸರದಿ. ಕೊನೆಗೆ ಬಂದವರಿಂದ ಶುರು ಮಾಡಿ ಕೊಡು ಅಂತ ಯಜಮಾನ ಹೇಳ್ತಾನೆ. ಬೆಳಗಿನವರಿಗೆ ಮೊದಲೇ ಕೊಟ್ಟಿದ್ದರೆ ನಾಣ್ಯ ಸೊಂಟಕ್ಕೆ ಸಿಕ್ಕಿಸಿ ಖುಷಿಯಾಗಿ ಮನೆಗೆ ಹೋಗ್ತಿದ್ದರು. ಕೈಯಲ್ಲಿದ್ದ ನಾಣ್ಯ ಸವೆದಿರಲಿಲ್ಲ, ಪಕ್ಕದವನ ಕೈ ನೋಡಿದ್ದಷ್ಟೇ.

ಅಕ್ಕ ಸೆರಗಲ್ಲಿ ಮುಖ ಒರೆಸಿಕೊಂಡರು. "ನಮ್ಮೂರಲ್ಲಿ ಹಂಗೆ ಬಟವಾಡೆ ಮಾಡಿದ್ರೆ ನಾಳೆಯಿಂದ ಎಲ್ಲರೂ ಸಂಜೆ ಐದಕ್ಕೇ ಬರೋದು."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಐದರವರೆಗೂ ಚೌಕದಲ್ಲಿ ಕಾದು ನಿಂತವನ ಹೊಟ್ಟೆ ಬೆಳಗಿನವನಿಗೆ ಕಾಣಲಿಲ್ಲವಲ್ಲ ಅಂತ ಮಾತ್ರ ಅಂದೆ. ಯಾರೂ ಕರೆಯದೆ ಇಡೀ ದಿನ ನಿಲ್ಲೋದೂ ಒಂದು ಕೆಲಸವೇ. ಚಿಕ್ಕಪ್ಪನ ಮಗಳ ಮದುವೆ ನಾಲ್ಕು ವರ್ಷ ಕೂಡಿಬರದೆ ಮುಂದಕ್ಕೆ ಹೋದದ್ದು ಆಗ ನೆನಪಾಯಿತು. ಆ ವರ್ಷಗಳಲ್ಲಿ ಅವಳು ಸ್ಟೇಟಸ್ಸೇ ಹಾಕ್ತಿರಲಿಲ್ಲ.

"ಎಲ್ಲಿ, ಇನ್ನೊಂದ್ಸಲ ತೋರ್ಸು," ಅಂದರು ಅಕ್ಕ. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಅವಳುಟ್ಟ ಸೀರೆಯ ಅಂಚಿಗೆ ಕಣ್ಣಿಟ್ಟರು. ಹುಳದ ಮನೆಯಲ್ಲಿ ಮೂವತ್ತು ವರ್ಷ ಕಳೆದ ಕಣ್ಣು.

"ರೇಷ್ಮೆ ಅಲ್ಲ. ಆರ್ಟ್ ಸಿಲ್ಕು."

ನನ್ನೊಳಗೆ ಏನೋ ತಣ್ಣಗಾಯಿತು. ಈ ತಂಪನ್ನು ಭಾನುವಾರ ಯಾವ ಪ್ರಾರ್ಥನೆಯಲ್ಲಿ ಸೇರಿಸೋದು ಅಂತ ಯೋಚಿಸ್ತಾ ಬಟ್ಟೆ ಮಡಿಚಿದೆ. ಅಷ್ಟರಲ್ಲಿ ಅಕ್ಕ ಮಂಕರಿ ಹೊತ್ತು ಹುಳದ ಮನೆ ಕಡೆ ಹೊರಟಿದ್ದರು.