ಬೀಪ್ ಪ್ರಮಾಣವೇ? ಒಂದು ಶಾಸ್ತ್ರೀಯ ಜಿಜ್ಞಾಸೆ

ಅಥ ಯುಪಿಎಸ್ ಜಿಜ್ಞಾಸೆ. ಕಂಪ್ಯೂಟರ್ ಮೇಜಿನ ಕೆಳಗೆ ಧೂಳು ಹೊದ್ದು ಕೂತ 600 ವಿಎ ಪೆಟ್ಟಿಗೆ, ಹೊಸ ಬ್ಯಾಟರಿ ಹಾಕಿದ ಮೇಲೂ ಅದೇ ರಾಗ ಎಳೆಯುವುದೇಕೆ ಎಂಬುದನ್ನು ಪ್ರಾಚೀನರು ಚರ್ಚಿಸಿಲ್ಲ. ಗೌತಮನ ನ್ಯಾಯಸೂತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಕೊಟ್ಟಿದೆ. ಯುಪಿಎಸ್ ಬಗ್ಗೆ ಮೌನ. ಆತನಿಗೆ ರಿಯಾಯಿತಿ ಕೊಡಬೇಕು, ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಮಾಡಿದ್ದು 1859ರಲ್ಲಿ.

ಈ ಸಮಸ್ಯೆಗೆ ಲೋಕದಲ್ಲಿ ಮೂರು ಮತಗಳಿವೆ. ತಾಡನವಾದಿಗಳು ಪೆಟ್ಟಿಗೆಯ ನೆತ್ತಿಗೆ ಎರಡು ಬಾರಿಸುತ್ತಾರೆ. ಪುನರ್ಜನ್ಮವಾದಿಗಳು ಆಫ್ ಮಾಡಿ ಆನ್ ಮಾಡುತ್ತಾರೆ. ಶಬ್ದವಾದಿಗಳು ಬೀಪನ್ನು ವೇದವಾಕ್ಯವೆಂದು ನಂಬಿ, ಇನ್ನೊಂದು ಬ್ಯಾಟರಿ ತರಲು ಹೊರಡುತ್ತಾರೆ. ಮೊದಲನೆಯವರು ಆಗಾಗ ಗೆಲ್ಲುವುದೂ ಉಂಟು. ಆ ಕೀರ್ತಿ ಏಟಿಗಲ್ಲ, ಒಳಗಿನ ಸಡಿಲ ಟರ್ಮಿನಲ್‌ಗೆ ಸಲ್ಲಬೇಕು.

ಪೂರ್ವಪಕ್ಷ: ಬ್ಯಾಟರಿ ಹೊಸದು, ಆದ್ದರಿಂದ ದೋಷ ಯುಪಿಎಸ್‌ನದೇ.

ಇಲ್ಲಿ ‘ಹೊಸದು’ ಎಂಬ ಹೇತು ಸವ್ಯಭಿಚಾರ, ಅಂದರೆ ನೆಚ್ಚುವಂಥದ್ದಲ್ಲ. ಸೀಲ್ ಮಾಡಿದ 12 ವೋಲ್ಟ್, 7 ಎಎಚ್ ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಕೂತರೂ ಚಾರ್ಜ್ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮೇಲೆ ಮಿರಮಿರ, ಒಳಗೆ ಮುಪ್ಪು. ಹೀಗಾಗಿ ಹಾಕಿದ ಕೂಡಲೇ ಪ್ಲಗ್ ಕಿತ್ತು ‘ನೋಡೋಣ’ ಎನ್ನುವ ಗೃಹಸ್ಥನಿಗೆ ಮೊದಲ ಪ್ರಾಯಶ್ಚಿತ್ತ: ಕಂಪ್ಯೂಟರ್ ಹಚ್ಚದೆ ಎಂಟು-ಹತ್ತು ಗಂಟೆ ಚಾರ್ಜ್.

ಇನ್ನು ಪ್ರತ್ಯಕ್ಷ. ಇದರ ಉಪಕರಣ ಮಲ್ಟಿಮೀಟರ್; ಆದರೆ ಅದೂ ಅರ್ಧಸತ್ಯ ನುಡಿಯಬಲ್ಲದು. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಬಿಟ್ಟ ಬ್ಯಾಟರಿ 12.8 ವೋಲ್ಟಿನ ಆಸುಪಾಸು ತೋರಿಸಬೇಕು. ಸತ್ವ ಕಳೆದುಕೊಂಡ ಬ್ಯಾಟರಿಯೂ ಸುಮ್ಮನಿರುವಾಗ 12 ವೋಲ್ಟ್ ತೋರಿಸಿ ಸಭ್ಯಸ್ಥನಂತೆ ನಟಿಸುತ್ತದೆ. ಹಾಗಾಗಿ ಅನುಭವಸ್ಥ ಮೆಕ್ಯಾನಿಕ್ ಅದಕ್ಕೆ ಸ್ಕೂಟರಿನ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿ ನೋಡುತ್ತಾನೆ. ಗಟ್ಟಿ ಬ್ಯಾಟರಿ ತುಸು ಇಳಿದು ನಿಲ್ಲುತ್ತದೆ. ಪೊಳ್ಳು ಬ್ಯಾಟರಿ ಕಣ್ಣೆದುರೇ 11ಕ್ಕೆ, 10ಕ್ಕೆ ಜಾರುತ್ತದೆ, ಬಲ್ಬ್ ಕೆಂಪಗಾಗುತ್ತದೆ.

ವಿವಾದದ ನಿಜವಾದ ಜಾಗ ಮಾತ್ರ ಎರಡು ವೈರುಗಳ ತುದಿ. ಈ ಬ್ಯಾಟರಿಗಳ ಟರ್ಮಿನಲ್ ನಾಲಿಗೆಗಳು 4.8 ಮತ್ತು 6.3 ಮಿ.ಮೀ. ಎಂಬ ಎರಡು ಅಗಲದಲ್ಲಿ ಬರುತ್ತವೆ. ಸಣ್ಣ ನಾಲಿಗೆಗೆ ವೈರಿನ ತುದಿಯ ದೊಡ್ಡ ಲಗ್ ಸಿಕ್ಕಿಸಿದರೆ ನೋಡಲು ಕೂತಂತಿರುತ್ತದೆ, ಬೆರಳಲ್ಲಿ ಅಲುಗಿಸಿದರೆ ಲಟಪಟ. ಕರೆಂಟ್ ಹೋದಾಗ 200 ವ್ಯಾಟ್ ಲೋಡಿಗೆ ಸುಮಾರು 20 ಆಂಪಿಯರ್ ಇಲ್ಲಿಂದಲೇ ಹರಿಯಬೇಕು. ಬಿಗಿಯಿಲ್ಲದ ಲಗ್ ಕಾದು, ಪಕ್ಕದ ಪ್ಲಾಸ್ಟಿಕ್ ಕಂದುಗಟ್ಟುತ್ತದೆ. ಇಕ್ಕಳದಲ್ಲಿ ಅದುಮಿ ಕೈತೊಳೆದುಕೊಳ್ಳುವುದು ಮತಾಂತರ. ಅಳತೆಯ ಲಗ್ ಹಾಕಿಸುವುದು ಸಿದ್ಧಾಂತ. ಕೆಂಪು-ಕಪ್ಪು ಅದಲುಬದಲಾಗಿದ್ದರೆ ಫ್ಯೂಸ್ ಹೋಗಿರುತ್ತದೆ, ಪುಣ್ಯವಿದ್ದರೆ ಫ್ಯೂಸ್ ಮಾತ್ರ.

ಅನುಮಾನಕ್ಕೆ ತಾರ್ಕಿಕರ ಹಳೆಯ ಉದಾಹರಣೆ ಪರ್ವತದ ಹೊಗೆ: ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಯುಪಿಎಸ್‌ನಿಂದ ಹೊಗೆ ಬಂದರೆ ‘ಹೊಗೆಯಿದ್ದಲ್ಲೆಲ್ಲ ಬೆಂಕಿ’ ಎಂಬ ವ್ಯಾಪ್ತಿಜ್ಞಾನಕ್ಕೆ ಕಾಯದೆ, ಮೊದಲು ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳತಕ್ಕದ್ದು.

ಉಪಮಾನದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ‘ಪಕ್ಕದ ಮನೆಯವರದು ಅರ್ಧ ಗಂಟೆ ಬರುತ್ತದೆ’ ಎಂಬ ವಾದ ಅವರ ಲೋಡ್ ಎಷ್ಟೆಂದು ಹೇಳುವುದಿಲ್ಲ. 7 ಎಎಚ್ ಎಂಬುದು 20 ಗಂಟೆ ನಿಧಾನವಾಗಿ ಹೀರಿದಾಗಿನ ಲೆಕ್ಕ. 200 ವ್ಯಾಟ್ ಹೇರಿದರೆ ಹತ್ತು ನಿಮಿಷ ಬಂದರೆ ದೊಡ್ಡದು. ಲೇಸರ್ ಪ್ರಿಂಟರನ್ನೂ ಅದಕ್ಕೇ ಸಿಕ್ಕಿಸಿದವರ ಮನೆಯಲ್ಲಿ ಬೀಪ್ ಕೇಳಿಸಿದರೆ ಅದು ಬ್ಯಾಟರಿಯ ದೋಷವಲ್ಲ, ಓವರ್‌ಲೋಡ್. ಎರಡು ಬ್ಯಾಟರಿಯ 24 ವೋಲ್ಟ್ ಯುಪಿಎಸ್‌ನಲ್ಲಿ ಒಂದನ್ನಷ್ಟೇ ಬದಲಾಯಿಸಿ ಉಳಿತಾಯ ಮಾಡಿದವರಿಗೂ ಬೀಪೇ ಗತಿ: ಹಳೆಯದು ಮೊದಲು ಕುಸಿಯುತ್ತದೆ, ಹೊಸದರ ಶಕ್ತಿ ಒಳಗೇ ಉಳಿಯುತ್ತದೆ.

ಕೊನೆಗೆ ಶಬ್ದ. ಕೆಲವು ಮಾದರಿಗಳು ಬ್ಯಾಟರಿ ಬದಲಾದದ್ದನ್ನು ತಾವಾಗಿ ಅರಿಯುವುದಿಲ್ಲ. ಚಾರ್ಜ್ ತುಂಬಿದ ಮೇಲೆ ಸೆಲ್ಫ್ ಟೆಸ್ಟ್ ಮಾಡಿಸುವವರೆಗೆ ಹಳೆ ದೂರನ್ನೇ ಪಠಿಸುತ್ತವೆ. ಅದರ ವಿಧಿ ಮ್ಯಾನ್ಯುಯಲ್‌ನಲ್ಲಿದೆ. ಆ ಗ್ರಂಥ ಥರ್ಮೋಕೋಲ್ ಸಮೇತ ಅಟ್ಟದಲ್ಲಿದೆ.

ಇಷ್ಟಾದ ಮೇಲೂ ಬಲ್ಬಿನ ಪರೀಕ್ಷೆಯಲ್ಲಿ ಬ್ಯಾಟರಿ ಸೋತರೆ ಬಿಲ್ಲು ಹಿಡಿದು ಅಂಗಡಿಗೇ ಹೋಗಬೇಕು. ವಾರಂಟಿ ಕಾರ್ಡಿನಲ್ಲಿ ಖರೀದಿಯ ತಾರೀಖು, ಅಂಗಡಿಯ ಸೀಲು ಇವೆಯೇ ಎಂದು ಓದುಗರು ಈಗಲೇ ನೋಡಿಕೊಳ್ಳುವುದು ಒಳ್ಳೆಯದು.