ಮನಸ್ಸಿನ ಮಂಡಿಗೆ

ಮನಸ್ಸಿನಲ್ಲೇ ಮಂಡಿಗೆ ಮೆಲ್ಲುವವರಿಗೆ ನಮ್ಮಲ್ಲಿ ಎಂದೂ ಮರ್ಯಾದೆ ಸಿಕ್ಕಿಲ್ಲ. ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುವ ಹುಡುಗನತ್ತ ಮೇಷ್ಟ್ರ ಸೀಮೆಸುಣ್ಣದ ತುಂಡು ಹಾರಿ ಬರುತ್ತದೆ. ಹಾಲು ಉಕ್ಕಿಸಿದ ಸೊಸೆಗೆ ಅತ್ತೆಯ ಅರ್ಚನೆ ತಪ್ಪಿದ್ದಲ್ಲ. ಇಂಥವರ ಕಡೆ ನಿಂತವನು ಶಿವನೊಬ್ಬನೇ. ಅರವತ್ತುಮೂರು ಪುರಾತನರಲ್ಲೊಬ್ಬ ಪೂಸಲಾರ್, ಕೈಯಲ್ಲಿ ಕಾಸಿಲ್ಲದೆ, ಪಾಯದಿಂದ ಕಳಶದವರೆಗೆ ಮನಸ್ಸಿನಲ್ಲೇ ಒಂದು ಗುಡಿ ಕಟ್ಟಿ, ಪ್ರತಿಷ್ಠೆಗೆ ದಿನ ಗೊತ್ತುಮಾಡಿದ. ಕಂಚಿಯಲ್ಲಿ ಪಲ್ಲವರಾಜನ ಕಲ್ಲಿನ ಗುಡಿಗೂ ಅದೇ ದಿನ ಪ್ರತಿಷ್ಠೆ. ಶಿವ ರಾಜನ ಕನಸಿಗೆ ಬಂದು, ‘ನಾಳೆ ಪುರುಸೊತ್ತಿಲ್ಲ, ಪೂಸಲಾರನಲ್ಲಿಗೆ ಹೋಗಬೇಕು, ನಿನ್ನದು ಮುಂದೂಡು’ ಅಂದನಂತೆ.

ಶಿವನ ತರುವಾಯ ಸಾಕ್ಷಿ ನುಡಿದವರು ನರವಿಜ್ಞಾನಿಗಳು. ಆಲ್ವಾರೊ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪಿಯಾನೊ ಬಾರದವರಿಗೆ ಐದು ಬೆರಳಿನ ಪಾಠವೊಂದನ್ನು ಕೊಟ್ಟರು, ದಿನಕ್ಕೆ 2 ಗಂಟೆಯಂತೆ 5 ದಿನ. ಕೆಲವರು ನುಡಿಸಿದರು, ಕೆಲವರು ಬೆರಳಾಡಿಸದೆ ನುಡಿಸಿದಂತೆ ಭಾವಿಸಿದರು. ಮೆದುಳಿನಲ್ಲಿ ಆ ಬೆರಳುಗಳಿಗೆ ಸಂದ ಜಾಗ ಎರಡೂ ಗುಂಪಿನಲ್ಲಿ ಹಿಗ್ಗಿತ್ತು! ಹಾಗಂತ ಭಾವಿಸಿದವರು ವಿದ್ವಾಂಸರಾಗಲಿಲ್ಲ. 5ನೇ ದಿನ ಅವರ ಮಟ್ಟ, ನುಡಿಸಿದವರ 3ನೇ ದಿನದ್ದು. ಆಮೇಲೆ ಒಂದೇ ಒಂದು ಸಲ 2 ಗಂಟೆ ನಿಜವಾಗಿ ನುಡಿಸಿ, ಸರಿಸಾಟಿಯಾದರು. 1992ರ ಇನ್ನೊಂದು ಪ್ರಯೋಗದಲ್ಲಿ ಕಿರುಬೆರಳನ್ನು ಬರೀ ಮನಸ್ಸಿನಲ್ಲಿ ಬಿಗಿದವರಿಗೂ ಶೇ. 22ರಷ್ಟು ಬಲ ಕೂಡಿತ್ತು. ನಿಜವಾಗಿ ಬಿಗಿದವರಿಗೆ ಶೇ. 30. ಜಿಮ್ಮಿಗೆ ದುಡ್ಡು ಕಟ್ಟಿ ಹೋಗದೆ ಉಳಿಯುವ ನನ್ನಂಥವರು ಈ ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತೇವೆ.

ಈ ವಿದ್ಯೆ ನಿಜಕ್ಕೂ ಬೇಕಾಗಿರುವುದು ಲಕ್ವ ಹೊಡೆದವರಿಗೆ. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರರ ಬಲಗೈ ಸೋತಿತ್ತು. ಮನೆಗೆ ಬರುವ ಫಿಸಿಯೋಥೆರಪಿ ಹುಡುಗಿ, “ಸಾರ್, ಕಣ್ಮುಚ್ಚಿ ಕಾಫಿ ಲೋಟ ಹಿಡಿದು ಕುಡೀರಿ, ಮನಸ್ಸಿನಲ್ಲೇ” ಅಂದಳು. ಮೇಷ್ಟ್ರು ಕಣ್ಮುಚ್ಚಿ, ಮರುಗಳಿಗೆಯೇ ತೆರೆದು, “ಆಯ್ತಮ್ಮ” ಅಂದರು.

“ಅಷ್ಟು ಬೇಗ ಹೇಗೆ ಸಾರ್? ಲೋಟ ಸುಡಲಿಲ್ವಾ?”

ಒಳಗಿನಿಂದ ಹೆಂಡತಿ, “ರೀ, ಮನಸ್ಸಿನ ಕಾಫಿಗೂ ಸಕ್ಕರೆ ಹಾಕ್ಕೋಬೇಡಿ, ಶುಗರ್ ಇದೆ” ಎಂದು ಕೂಗಿದರು.

ಹುಡುಗಿಯ ತಕರಾರು ಶಾಸ್ತ್ರೋಕ್ತವಾದದ್ದೇ. ನಡೆಯಲು ಹಿಡಿಯುವಷ್ಟೇ ಸಮಯ ನಡೆದಂತೆ ಭಾವಿಸಲೂ ಹಿಡಿಯುತ್ತದೆ. ಭಾರ ಹೊತ್ತಂತೆ ಭಾವಿಸಿದರಂತೂ ಮನಸ್ಸಿನ ಕಾಲೂ ನಿಧಾನ. ಚಲನೆಯನ್ನು ಯೋಜಿಸುವ ಮೆದುಳಿನ ಭಾಗಗಳು ಎರಡು ಸಂದರ್ಭದಲ್ಲೂ ದುಡಿಯುತ್ತವೆ. ಮದುವೆಮನೆಯಲ್ಲಿ ಅಡುಗೆಯೆಲ್ಲ ಆಗಿ ಬಡಿಸುವುದೊಂದು ಉಳಿದ ಹಾಗೆ. ಆದ್ದರಿಂದ ತನ್ನ ಕೈಯನ್ನು ಸಿನಿಮಾದಲ್ಲಿ ಕಂಡಂತೆ ಕಂಡರೆ ಸಾಲದು. ಲೋಟದ ಬಿಸಿ, ತೂಕ, ಮೊಣಕೈ ಮಡಿಸುವ ಎಳೆತ ಎಲ್ಲ ಒಳಗೇ ಅನುಭವಕ್ಕೆ ಬರಬೇಕು. ಸೋಮಾರಿಗೆ ಒದಗುವ ಕೆಲಸವಲ್ಲ ಇದು. ಜೊತೆಗೆ ನಿಜವಾದ ಕಸರತ್ತೂ ಆಗಬೇಕು. ಮೇಷ್ಟ್ರು ಮೊದಲು ಗೊಣಗಿದರೂ ಆಮೇಲೆ ಹೋಂವರ್ಕ್ ತಪ್ಪಿಸಲಿಲ್ಲ. ಈಗ ಲೋಟ ಎತ್ತುತ್ತಾರೆ, ಅರ್ಧ ತುಂಬಿದ್ದರೆ.

ಮನಸ್ಸು ತನ್ನ ಕೆಲಸ ಶುರುಮಾಡುವುದು ಆಸ್ಪತ್ರೆಯ ಕೆಲಸ ಮುಗಿದ ಮೇಲೆ. ಮನೆಯಲ್ಲಿ ಯಾರದಾದರೂ ಬಾಯಿ ದಿಢೀರನೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಪಾರಿವಾಳದ ರಕ್ತ ಹಚ್ಚುವವರನ್ನು ಹುಡುಕಿಕೊಂಡು ಹೋಗಬೇಡಿ. ಅದು ಲಕ್ವ ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ, ಲಕ್ಷಣ ಶುರುವಾದಾಗಿನಿಂದ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೊರಡಿ.