ಜಾಲತಾಣಕ್ಕೆ ಹೊರಟ ಯಜಮಾನರು

ಚೆನ್ನೈನ ಮೈಲಾಪುರ, ತ್ಯಾಗರಾಯನಗರ, ತಿರುವಲ್ಲಿಕ್ಕೇಣಿಗಳಲ್ಲಿ ಉಡುಪಿ ಹೋಟೆಲ್ ನಡೆಸುವ ಮೂರನೆಯ ತಲೆಮಾರಿನ ಯಜಮಾನರಲ್ಲಿ ‘ಜಾಲತಾಣ ಮಾಡಿಸುವವರು’ ಎಂಬ ಒಂದು ವರ್ಗವನ್ನು ಪ್ರತ್ಯೇಕವಾಗಿ ಗುರುತಿಸಬಹುದು. ಈ ವರ್ಗದವರು ಸಾಮಾನ್ಯವಾಗಿ ಐವತ್ತು ದಾಟಿದವರು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಗಿರಾಕಿಗಳೊಡನೆ ತಮಿಳನ್ನೋ ಆಡುತ್ತ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಲ್ಲಿಂದಲೇ ಸಾಂಬಾರಿಗೆ ಇಂಗು ಹೆಚ್ಚಾದುದನ್ನು ಪತ್ತೆಹಚ್ಚಬಲ್ಲವರು. ಎದುರು ಸಾಲಿನ ಹೋಟೆಲಿಗೆ ಜಾಲತಾಣವಿದೆಯೆಂದು ತಿಳಿದ ದಿನದಿಂದ ಮಾತ್ರ ಇವರಿಗೆ ನಿದ್ದೆ ಹತ್ತುವುದಿಲ್ಲ.

ಓದುವವನಿಗೆ ಯಾವುದು ಮೊದಲು ಬೇಕೋ ಅದನ್ನು ಮೊದಲು, ಯಾವುದು ಆಮೇಲೆ ಬೇಕೋ ಅದನ್ನು ಆಮೇಲೆ ಇಡುವ ವಿದ್ಯೆಗೆ ಮಾಹಿತಿ ವಿನ್ಯಾಸವೆಂದು ಹೆಸರು. ಈ ವಿದ್ಯೆಯಲ್ಲಿ ಯಜಮಾನರು ಪಾರಂಗತರೆಂಬುದಕ್ಕೆ ಹೋಟೆಲಿನ ಬಾಗಿಲಲ್ಲಿ ತೂಗುವ ಕರಿಹಲಗೆಯೇ ಸಾಕ್ಷಿ: ಮೇಲೆ ಇಂದಿನ ವಿಶೇಷ, ನಡುವೆ ತಿಂಡಿಗಳೂ ಬೆಲೆಗಳೂ, ತಳದಲ್ಲಿ ‘ರವಾ ದೋಸೆ ಸಂಜೆ 4ರ ನಂತರ’ ಎಂಬ ಎಚ್ಚರಿಕೆ. ಅದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅದನ್ನೇ ಜಾಲತಾಣಕ್ಕೆ ಏರಿಸಿದ್ದರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು. ಆದರೆ ತಾವೇ ಬರೆದ ಹಲಗೆಯನ್ನು ಯಾರೂ ಯೋಜನೆಯೆಂದು ಭಾವಿಸುವುದಿಲ್ಲ.

ತಾಣವನ್ನು ತೆರೆದೊಡನೆ ಕಾಣುವ ಮುಖಪುಟದಲ್ಲಿ ಏನಿರಬೇಕೆಂಬ ಪ್ರಶ್ನೆಗೆ ಯಜಮಾನರ ಉತ್ತರ ಸಿದ್ಧವಾಗಿರುತ್ತದೆ: ಮೊದಲು ಉಡುಪಿ ಕೃಷ್ಣ, ಆಮೇಲೆ ಹಾರ ಹಾಕಿದ ಅಜ್ಜಯ್ಯ, ಅವರ ಪಕ್ಕದಲ್ಲಿ ಪ್ರಾರಂಭೋತ್ಸವಕ್ಕೆ ಬಂದ ಮಂತ್ರಿಗಳ ಮೊಣಕೈ. ಅಜ್ಜಯ್ಯನ ಚರಿತ್ರೆ ತಪ್ಪದೆ ವುಡ್‌ಲ್ಯಾಂಡ್ಸ್‌ನಿಂದಲೇ ಆರಂಭವಾಗುತ್ತದೆ. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರ ಆ ಸಂಸ್ಥೆ 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ಡ್ರೈವ್-ಇನ್, ಅಂದರೆ ಕಾರಿನಲ್ಲಿ ಕುಳಿತೇ ತಿಂಡಿ ತರಿಸಿಕೊಳ್ಳಬಹುದಾಗಿದ್ದ ಹೋಟೆಲು, 2008ರಲ್ಲಿ ಮುಚ್ಚಿ, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಹಿಟ್ಟು ರುಬ್ಬಿದರೆಂದು ಚೆನ್ನೈನ ಹೋಟೆಲ್ ಮನೆತನಗಳು ಹೇಳಿಕೊಳ್ಳುವ ಅಜ್ಜಂದಿರೆಲ್ಲರೂ ನಿಜವಾಗಿ ಅಲ್ಲಿದ್ದಿದ್ದರೆ ಕಾರು ನಿಲ್ಲಿಸಲು ಜಾಗವೇ ಉಳಿಯುತ್ತಿರಲಿಲ್ಲ.

ಯಾವ ಪುಟದಿಂದ ಯಾವ ಪುಟಕ್ಕೆ ದಾರಿಯೆಂದು ತೋರಿಸುವ ರೇಖಾಚಿತ್ರವನ್ನು ತಾಣನಕ್ಷೆ ಎನ್ನುತ್ತಾರೆ. ವೇಳಚ್ಚೇರಿಯಿಂದ ಬಂದ ವಿನ್ಯಾಸಕಾರ ಹುಡುಗ ಐದು ಪುಟಗಳ ನಕ್ಷೆ ತಂದಿರುತ್ತಾನೆ. ಅದು ಅಣ್ಣತಮ್ಮಂದಿರ ಕೈದಾಟಿ ಹಿಂದಿರುಗುವಾಗ ಪಾಲುಪಟ್ಟಿಯ ರೂಪ ತಾಳಿ, ಹಿರಿಯಣ್ಣನ ಪುಟದ ಮೇಲೆ ಕಿರಿಯರ ಪುಟಗಳು ಬರಕೂಡದೆಂಬ ಷರತ್ತನ್ನೂ ಒಳಗೊಂಡಿರುತ್ತದೆ.

ಬರಹ ಯಾರು ಕೊಡುವರೆಂದು ಆ ಹುಡುಗ ಕೇಳಿದರೆ, “ನೀಯೇ ಏದಾವದು ಪೋಟ್ಟುಡು ತಂಬಿ” ಎಂಬ ತಮಿಳು ಅಪ್ಪಣೆಯಾಗುತ್ತದೆ. ನೀನೇ ಏನಾದರೂ ಹಾಕಿಬಿಡಪ್ಪಾ ಎಂದು ಇದರ ತಾತ್ಪರ್ಯ. ಆತ ಹಾಕುವುದು ಲೋರೆಮ್ ಇಪ್ಸಮ್, ಅಂದರೆ ನಿಜವಾದ ಬರಹ ಬರುವವರೆಗೆ ಜಾಗ ತುಂಬುವ ಲ್ಯಾಟಿನ್ ತುಣುಕು. ರೋಮಿನ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ತತ್ತ್ವಗ್ರಂಥದಿಂದ ಹರಿದು ವಿರೂಪಗೊಳಿಸಿದ ಈ ತುಣುಕಿನ ಮೂಲದಲ್ಲಿ, ನೋವನ್ನು ನೋವೆಂಬ ಕಾರಣಕ್ಕೇ ಯಾರೂ ಬಯಸುವುದಿಲ್ಲವೆಂಬ ವಾದವಿದೆ. ನಿಜವಾದ ಬರಹ ಬಾರದ ಕಾರಣ ಅದು ಈರುಳ್ಳಿ ರವಾ ದೋಸೆಯ ಚಿತ್ರದ ಕೆಳಗೆ ಶಾಶ್ವತವಾಗಿ ನೆಲೆಸುತ್ತದೆ. ಯಜಮಾನರು ಅದನ್ನು ಕನ್ನಡಕವೇರಿಸಿ ನೋಡಿ, ಇಂಗ್ಲಿಷ್ ಬಹಳ ಘನವಾಗಿದೆಯೆಂದು ಮೆಚ್ಚುತ್ತಾರೆ.

ಬೆಲೆಗಳನ್ನು ಪ್ರಕಟಿಸಲು ಇವರು ಒಪ್ಪುವುದಿಲ್ಲ, ಏಕೆಂದರೆ ಎದುರಿನವನು ನೋಡಿ ಎರಡು ರೂಪಾಯಿ ಇಳಿಸಿಬಿಡಬಹುದು. ಎದುರಿನವನಿಗೆ ಕರಿಹಲಗೆ ದಿನವಿಡೀ ಕಣ್ಣಮುಂದೆಯೇ ಇರುವುದು ಈ ಗೋಪ್ಯತೆಗೆ ಅಡ್ಡಿಯಾಗುವುದಿಲ್ಲ. ತಿಂಡಿಗಳ ಪಟ್ಟಿಯಾದರೂ ಇರಲಿ ಎಂದರೆ, 2017ರ ಜಿಎಸ್‌ಟಿಗೂ ಮೊದಲು ಅಚ್ಚಾದ ಕಾರ್ಡಿನ ಬೆಲೆಗಳಿಗೆ ಚೀಟಿ ಅಂಟಿಸಿ, ಅದರ ಫೋಟೊ ತೆಗೆದು ಹಾಕಿಸುತ್ತಾರೆ; ಅಕ್ಷರಗಳಾಗಿ ಟೈಪಿಸಿದ್ದನ್ನು ಹುಡುಕುಯಂತ್ರ ಓದುವಷ್ಟು ಸಲೀಸಾಗಿ ಮಸುಕಾದ ಫೋಟೊವನ್ನು ಓದಲಾರದಾದ್ದರಿಂದ, ಹತ್ತಿರದಲ್ಲಿ ನೀರು ದೋಸೆ ಎಲ್ಲಿ ಸಿಗುತ್ತದೆಂದು ಹುಡುಕುವವನು ನೇರವಾಗಿ ಎದುರಿನ ಹೋಟೆಲಿಗೆ ಹೋಗಿ ಸೇರುತ್ತಾನೆ. ತೆರೆಯುವ ಮುಚ್ಚುವ ವೇಳೆಯನ್ನು ಬರೆಯುವುದು ಯಾರಿಗೂ ಹೊಳೆದಿರುವುದಿಲ್ಲ.

ಇಷ್ಟಾಗಿಯೂ ಯಾರಾದರೊಬ್ಬರು ದೂರವಾಣಿ ಸಂಖ್ಯೆಯನ್ನು ಹೇಗೋ ಹುಡುಕಿ ಭಾನುವಾರ ಹೋಟೆಲು ತೆರೆದಿರುತ್ತದೆಯೇ ಎಂದು ವಿಚಾರಿಸಿದರೆ, ಆ ಕರೆಗಾಗಿಯೇ ಕಾದಿದ್ದ ಯಜಮಾನರು ಗಂಟಲು ಸರಿಪಡಿಸಿಕೊಂಡು, “ಎಲ್ಲಾಮೇ ವೆಬ್‌ಸೈಟ್‌ಲ ಇರುಕ್ಕು ಸಾರ್, ಪಾರುಂಗೊ” ಎಂದು, ಅಂದರೆ ಎಲ್ಲವೂ ಜಾಲತಾಣದಲ್ಲೇ ಇದೆ, ನೋಡಿ ಸಾರ್ ಎಂದು ಹೇಳಿ ಫೋನ್ ಇಡುತ್ತಾರೆ.